"ತಂದೆ ಸ್ಪಂದಿಸಿಲ್ಲ" ಅಂತೆ!

ಇವತ್ತು ಜೈಲಿನಲ್ಲಿ ಒಬ್ಬ ಅಪ್ಪ ಮೇಜಿನ ಮೇಲೆ ಒಂದು ಹಾಳೆ ನನ್ನ ಕಡೆ ತಳ್ಳಿದ. ಆತನ ಮಗುವಿನ ಪ್ರಕರಣ ನೋಡಿಕೊಳ್ಳುವ ಸರ್ಕಾರಿ ಇಲಾಖೆಯ ಕೇಸ್‌ವರ್ಕರ್ ಮಕ್ಕಳ ಕೋರ್ಟಿಗೆ ಕೊಟ್ಟ ವರದಿಯ ಪ್ರತಿ. ಅದರಲ್ಲಿ ಒಂದು ಸಾಲು: "ತಂದೆ ಸ್ಪಂದಿಸಿಲ್ಲ." ಮನೆಗೆ ಬಂದು ಮೂರು ಗಂಟೆ ಆಯಿತು, ಸಿಟ್ಟು ಇಳಿದಿಲ್ಲ. ಅದಕ್ಕೇ ಇಲ್ಲಿ ಕಾರುತ್ತಿದ್ದೇನೆ, ಸಹಿಸಿಕೊಳ್ಳಿ.

ಇಲ್ಲಿ ಅಮೆರಿಕದಲ್ಲಿ ವಾರಕ್ಕೊಮ್ಮೆ ಜೈಲಿಗೆ ಹೋಗುವ ನನ್ನ ಹುಚ್ಚು ನಿಮಗೆಲ್ಲ ಗೊತ್ತೇ ಇದೆ. ನಾನು ವಕೀಲೆ ಅಲ್ಲ, ಕಾನೂನು ಸಲಹೆ ಕೊಡುವ ಹಾಗೂ ಇಲ್ಲ. ಮಕ್ಕಳ ಕೋರ್ಟಿನ ಫಾರ್ಮ್ ಓದಿ ಹೇಳುವುದು, ಝೆರಾಕ್ಸ್ ಮಾಡಿಸುವುದು, ಪೋಸ್ಟಿಗೆ ಹಾಕುವುದು, ಅಷ್ಟೇ ನನ್ನ ಕೆಲಸ.

ಏನಾಗಿತ್ತು ಗೊತ್ತಾ? ವಿಚಾರಣೆಯ ನೋಟಿಸು ಆತನ ಹಳೇ ಜೈಲಿಗೆ ಹೋಗಿತ್ತು. ಆತನನ್ನು ಬೇರೆ ಜೈಲಿಗೆ ಸಾಗಿಸಿ ಆಗಲೇ ಐದು ವಾರ ಕಳೆದಿತ್ತು. ಸಾಗಿಸಿದ್ದು ಸರ್ಕಾರ, ನೋಟಿಸು ಕಳಿಸಿದ್ದೂ ಸರ್ಕಾರ. ಕಾಗದ ಊರೆಲ್ಲ ಸುತ್ತಿ ಕೈ ಸೇರುವಷ್ಟರಲ್ಲಿ ವಿಚಾರಣೆ ಮುಗಿದು ಒಂಬತ್ತು ದಿನ. ಸ್ಪಂದಿಸದವನು ಮಾತ್ರ ಆತ!

ಬರೀ ಒಂದು ಸಾಲಾಗಿದ್ದರೆ ನಾನೂ ಸುಮ್ನೆ ಇರುತ್ತಿದ್ದೆ. ಇಲ್ಲಿ 1997ರ ಒಂದು ಕೇಂದ್ರ ಕಾನೂನು ಇದೆ. ಮಗು ಕಳೆದ 22 ತಿಂಗಳಲ್ಲಿ 15 ತಿಂಗಳು ಫಾಸ್ಟರ್ ಕೇರ್‌ನಲ್ಲಿದ್ದರೆ (ಅಂದರೆ ಹೆತ್ತವರಿಂದ ದೂರ, ಸರ್ಕಾರದ ಸುಪರ್ದಿಯಲ್ಲಿ ಬೇರೆಯವರ ಆರೈಕೆಯಲ್ಲಿದ್ದರೆ), ಹೆತ್ತವರ ಹಕ್ಕನ್ನೇ ರದ್ದು ಮಾಡಿ ಎಂದು ಸರ್ಕಾರ ಕೋರ್ಟಿಗೆ ಅರ್ಜಿ ಹಾಕಬೇಕು. ಹಾಕದೇ ಇರಲೂ ದಾರಿಗಳಿವೆ: ಮಗು ನೆಂಟರ ಮನೆಯಲ್ಲಿದ್ದರೆ, ಅರ್ಜಿಯಿಂದ ಮಗುವಿಗೆ ಒಳ್ಳೆಯದಾಗದು ಎನ್ನುವ ಬಲವಾದ ಕಾರಣ ಫೈಲಿನಲ್ಲಿದ್ದರೆ, ಇಲ್ಲವೇ ಮಗು ಮನೆಗೆ ಮರಳಲು ಬೇಕಾದ ಸೇವೆಗಳನ್ನು ಇಲಾಖೆಯೇ ಕೊಡದಿದ್ದರೆ. ಇದನ್ನೆಲ್ಲ ಕೇಳಬೇಕಾದವನಿಗೆ ನೋಟಿಸೇ ತಲುಪಲ್ಲ, ಇನ್ನು ಕೇಳುವುದೆಲ್ಲಿಂದ? ಎರಡು ವರ್ಷದ ಶಿಕ್ಷೆ ಇದ್ದವನ ಲೆಕ್ಕ ನೀವೇ ಹಾಕಿ.

ಆತನ ಕೇಸ್ ಪ್ಲಾನ್, ಅಂದರೆ ಮಗು ಮನೆಗೆ ಮರಳಬೇಕಾದರೆ ಆತ ಮಾಡಬೇಕಾದ್ದರ ಪಟ್ಟಿ, ಓದಿದರಂತೂ ನಗು ಬರುತ್ತದೆ. ಮಕ್ಕಳನ್ನು ಬೆಳೆಸುವ ಬಗ್ಗೆ ತರಗತಿ ಮುಗಿಸಬೇಕಂತೆ. ಆ ಜೈಲಿನಲ್ಲಿ ಅಂಥ ತರಗತಿಯೇ ಇಲ್ಲ. ವಾರಕ್ಕೊಮ್ಮೆ ಮಗುವನ್ನು ನೋಡಬೇಕಂತೆ. ಗೋಡೆ ಹಾರಿ ಹೋಗಬೇಕೇನೋ!

ವಕೀಲರಿಲ್ವಾ ಅಂತೀರಿ. ಇಂಥ ಎಲ್ಲ ಕೇಸಿನಲ್ಲೂ ಬಡ ಹೆತ್ತವರಿಗೆ ವಕೀಲರನ್ನು ಕೊಡಲೇಬೇಕೆಂದು ಸಂವಿಧಾನ ಹೇಳುವುದಿಲ್ಲ ಎಂದು 1981ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆ ಕೇಸಿನ ತಾಯಿಯೂ ಜೈಲಿನಲ್ಲೇ ಇದ್ದಳು. ಬಹಳಷ್ಟು ರಾಜ್ಯಗಳು ತಮ್ಮದೇ ಕಾನೂನಿನಡಿ ವಕೀಲರನ್ನು ಕೊಡುತ್ತವೆ, ಸರಿ. ಈತನಿಗೂ ಒಬ್ಬರಿದ್ದಾರೆ. ಅವರು ಈತನಿಗೆ ಫೋನ್ ಮಾಡುವ ಹಾಗಿಲ್ಲ, ಈತ ಮಾಡಿದಾಗ ಅವರು ಎತ್ತುವುದಿಲ್ಲ.

"ಮಾಡಬಾರದ್ದು ಮಾಡುವಾಗ ಮಗು ನೆನಪಾಗಲಿಲ್ವಾ?" ಎಂದು ನಮ್ಮವರೇ ಒಬ್ಬರು ಕೇಳಿದರು. ಆಗಿರಲಿಕ್ಕಿಲ್ಲ. ಅದಕ್ಕೆ ಜಡ್ಜ್ ಶಿಕ್ಷೆ ಕೊಟ್ಟಾಗಿದೆ. ಅಂಚೆ ದಾರಿ ತಪ್ಪಿದ್ದಕ್ಕೂ ಆತನೇ ಶಿಕ್ಷೆ ಅನುಭವಿಸಬೇಕಾ? ಮಗು ಎಷ್ಟು ವರ್ಷ ಕಾಯಬೇಕು ಎನ್ನುವುದು ಬೇರೆ ಪ್ರಶ್ನೆ. ಅದು ನನ್ನನ್ನೂ ಚುಚ್ಚುತ್ತದೆ. ಎಲ್ಲರಿಗೂ ಮಗುವನ್ನು ವಾಪಸ್ ಕೊಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಬೇಡ ಎನ್ನುವುದಾದರೆ ಆತನ ಮಾತು ಕೇಳಿಸಿಕೊಂಡು ಅನ್ನಲಿ.

ಒಂದು ತಪ್ಪೊಪ್ಪಿಗೆ. ಹೋದ ವರ್ಷ ಒಬ್ಬ ತಾಯಿ ಕೋರ್ಟಿಗೆ ಬರೆದ ಪತ್ರ ನನ್ನ ಕಾರಿನ ಸೀಟಿನ ಕೆಳಗೆ ನಾಲ್ಕು ದಿನ ಬಿದ್ದಿತ್ತು. ಮರೆತಿದ್ದೆ. ಅವಳ ಫೈಲಿಗೂ ಇದೇ ಸಾಲು ಬಿತ್ತು. ನನ್ನ ಹೆಸರು ಎಲ್ಲೂ ಬರಲಿಲ್ಲ. ಅವಳಿಗೆ ಹೇಳಿದಾಗ ಬೈಯಲೂ ಇಲ್ಲ, "ಪರವಾಗಿಲ್ಲ, ಅಭ್ಯಾಸ ಆಗಿದೆ" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಈಗ ಹೋದಲ್ಲೆಲ್ಲ ಒಂದು ನೋಟ್‌ಬುಕ್ ಇಡಿಸುತ್ತೇನೆ. ಮಗುವಿಗೆ ಬರೆದ ಕಾಗದ, ಮಾಡಿದ ಫೋನು, ಎತ್ತದ ಫೋನು, ಎಲ್ಲಕ್ಕೂ ತಾರೀಖು. ಬಂದ ಲಕೋಟೆಯನ್ನೂ ಎಸೆಯಬೇಡಿ ಎನ್ನುತ್ತೇನೆ, ಅಂಚೆ ಮುದ್ರೆ ಇರುವುದು ಅದರ ಮೇಲೆ ತಾನೇ. ಇವತ್ತು ಇಬ್ಬರೂ ಕೂತು ಪತ್ರ ಬರೆದೆವು: ಹೊಸ ವಿಳಾಸ, ಕೈದಿ ನಂಬರ್, ನೋಟಿಸು ಕೈ ಸೇರಿದ ದಿನ, ಮುಂದಿನ ವಿಚಾರಣೆಗೆ ಫೋನಿನಲ್ಲಾದರೂ ಹಾಜರಾಗಲು ಬಿಡಿ ಎನ್ನುವ ಕೋರಿಕೆ. ಸಹಿ ಹಾಕುತ್ತಾ ಆತ ಕೇಳಿದ, "ಇದೂ ಕಳೆದುಹೋದರೆ?"

ಮೂರು ಕಾಪಿ ಮಾಡಿಸಿದ್ದೇನೆ. ಕೋರ್ಟಿಗೊಂದು, ಕೇಸ್‌ವರ್ಕರ್‌ಗೊಂದು, ಆ ಫೋನೆತ್ತದ ವಕೀಲರಿಗೊಂದು. ನಾಳೆ ಬೆಳಿಗ್ಗೆ ಪೋಸ್ಟ್ ಆಫೀಸಿನ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಲ್ಲುತ್ತೇನೆ, ಮೂರೂ ರಸೀದಿ ಕೈಗೆ ಬರುವವರೆಗೆ ಕಾರು ಹತ್ತಲ್ಲ.