ಕಪ್ಪಗಿದ್ದದ್ದೆಲ್ಲ ಗೊಬ್ಬರವಲ್ಲ

ಎರೆಸೀಮೆಯ ಜನಕ್ಕೆ ಕಪ್ಪು ಬಣ್ಣದ ಮೇಲೆ ಒಂದು ಕೈ ಹೆಚ್ಚೇ ನಂಬಿಕೆ. ಸಿರುಗುಪ್ಪ, ಸಿಂಧನೂರು ಕಡೆ ಹೊಲ ಕರ್ರಗಿದೆ ಅಂದರೆ ಸಾಕು, ಮಣ್ಣಿನ ಗುಣದ ಬಗ್ಗೆ ಬೇರೆ ಮಾತಿಲ್ಲ. ಆದರೆ ಎರೆಮಣ್ಣು ಎಷ್ಟೇ ಕರ್ರಗಿದ್ದರೂ ಅದರಲ್ಲಿ ಕೊಳೆತ ಸಾವಯವ ಅಂಶ ಸಾಮಾನ್ಯವಾಗಿ ಕಡಿಮೆಯೇ. ಹಿತ್ತಲಿಗೆ ಗೊಬ್ಬರ ಕೊಳ್ಳುವಾಗಲೂ ಅದೇ ಕಣ್ಣು ನಮ್ಮದು. ಮಾರುವವನಿಗೆ ಇದು ಚೆನ್ನಾಗಿ ಗೊತ್ತು. “ಮೂರು ವರ್ಷದ ತಿಪ್ಪಿ ಐತ್ರಿ, ಬಣ್ಣ ನೋಡ್ರಿ” ಅನ್ನುತ್ತಾನೆ. ಬಣ್ಣ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ನೋಡುವುದು ಲೇಸು.

ಮೊದಲು ಟ್ರಾಲಿಯ ಮೇಲಿನ ಪದರ ಸರಿಸಿ, ಮೊಣಕೈ ಮುಳುಗುವಷ್ಟು ಕೈ ಇಳಿಸಿ ಒಳಗಿನ ಒಂದು ಹಿಡಿ ತೆಗೆಯಬೇಕು. ಒಳಗೆ ಬಿಸಿ ಹತ್ತಿದರೆ ಗೊಬ್ಬರ ಇನ್ನೂ ಕೊಳೆಯುತ್ತಿದೆ ಎಂದರ್ಥ. ಮೂಗಿಗೆ ಘಾಟು ಬಡಿದರೂ ಅಷ್ಟೇ. ಕಳಿತ ಗೊಬ್ಬರಕ್ಕೆ ಮಣ್ಣಿನ ವಾಸನೆ ಇರುತ್ತದೆ, ಸೆಗಣಿಯದಲ್ಲ. ಆಮೇಲೆ ಆ ಹಿಡಿಗೆ ನೀರು ಚಿಮುಕಿಸಿ ಅಂಗೈಯಲ್ಲಿ ಹೊಸೆಯಿರಿ. ನೂಲಿನಂತೆ ಉದ್ದಕ್ಕೆ ಬಂದು ಬೆರಳಿಗೆ ಮೆತ್ತಿಕೊಂಡರೆ ನಿಮಗೆ ಮಾರುತ್ತಿರುವುದು ಎರೆಮಣ್ಣು! ಗೊಬ್ಬರ ಹಿಂಡಿದರೆ ಉಂಡೆಯಾಗುತ್ತದೆ, ಹೆಬ್ಬೆರಳಿನಿಂದ ಒತ್ತಿದರೆ ಪುಡಿಯಾಗುತ್ತದೆ, ಹೊಸೆದರೆ ತುಂಡಾಗುತ್ತದೆ.

ಇನ್ನೊಂದು ಕಪ್ಪು ಇದೆ, ಅಕ್ಕಿ ಗಿರಣಿಯದು. ಗಂಗಾವತಿ, ಕಾರಟಗಿ ಸುತ್ತ ಭತ್ತದ ಹೊಟ್ಟು ಸುಟ್ಟ ಬೂದಿಗೆ ಬರವಿಲ್ಲ. ಎರೆಹುಳು ಗೊಬ್ಬರದ ಚೀಲಕ್ಕೆ ಅದನ್ನು ಬೆರೆಸಿದರೆ ಕಣ್ಣಿಗೆ ಗೊತ್ತಾಗದು. ಒಂದು ಚಮಚವನ್ನು ಗಾಜಿನ ಲೋಟದ ನೀರಿಗೆ ಹಾಕಿ ಕಲಕಿ ಬಿಡಿ. ಬೂದಿ ಬಹುಪಾಲು ಮೇಲೆ ತೇಲಿ ನಿಲ್ಲುತ್ತದೆ, ಮರಳು ತಕ್ಷಣ ತಳ ಸೇರುತ್ತದೆ. ಬೂದಿ ವಿಷವೇನಲ್ಲ, ಎರೆಹುಳು ಗೊಬ್ಬರದ ಬೆಲೆಗೆ ಅದನ್ನು ಕೊಳ್ಳುವುದು ಮಾತ್ರ ಪೆದ್ದತನ. ಚೀಲದ ತೂಕದಲ್ಲಿ ನೀರೂ ಇರುತ್ತದೆ. 1985ರ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಎರೆಹುಳು ಗೊಬ್ಬರದಲ್ಲಿ ತೇವ ಶೇ. 15ರಿಂದ 25ರೊಳಗೆ ಇರಬೇಕು. ಹಿಂಡಿದಾಗ ಬೆರಳ ಸಂದಿಯಿಂದ ಹನಿ ತೊಟ್ಟಿಕ್ಕಿದರೆ ಆ ಮಿತಿ ಎಂದೋ ದಾಟಿದೆ.

ತಿಪ್ಪೆಗೊಬ್ಬರವಾದರೆ ತಿಪ್ಪೆಗೆ ಏನೇನು ಬಿದ್ದಿದೆ ಎಂದು ಕೇಳಲೇಬೇಕು. ಒಲೆಯ ಬೂದಿ ದಿನಾ ಬಿದ್ದ ತಿಪ್ಪೆ ಮಸಾರಿ, ಅಂದರೆ ಕೆಂಪು ಮಣ್ಣಿನ, ನೆಲಕ್ಕೆ ನಡೆದೀತು, ಎರೆಗೆ ಒಗ್ಗದು. ನಮ್ಮ ಎರೆಯಲ್ಲಿ ಸುಣ್ಣ ಮೊದಲೇ ಹೆಚ್ಚು, ರಸಸಾರ (pH) ಎಷ್ಟೋ ಕಡೆ 8 ದಾಟಿರುತ್ತದೆ. ಅದರ ಮೇಲೆ ಬೂದಿಯ ಕ್ಷಾರವೂ ಸೇರಿದರೆ ಗಿಡಕ್ಕೆ ಕಬ್ಬಿಣದಂಶ ದಕ್ಕುವುದಿಲ್ಲ. ಗುಲಾಬಿ, ದಾಸವಾಳದ ಚಿಗುರೆಲೆ ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಗೊಬ್ಬರ ಸಾಲಲಿಲ್ಲ ಎಂದುಕೊಂಡು ಅದೇ ಗೊಬ್ಬರವನ್ನು ಇನ್ನೊಂದು ಪುಟ್ಟಿ ಸುರಿಯುವವರೇ ಹೆಚ್ಚು.

ಕುರಿಗೊಬ್ಬರ ಈ ಸೀಮೆಯ ಭಾಗ್ಯ. ತಿಪ್ಪೆಗೊಬ್ಬರದಲ್ಲಿ ಸಾರಜನಕ ಸುಮಾರು ಅರ್ಧ ಪರ್ಸೆಂಟ್, ಕುರಿಹಿಕ್ಕಿಯಲ್ಲಿ ಅದರ ಹಲವು ಪಟ್ಟು. ಆದರೆ ಹಿಕ್ಕಿ ಬಿಸಿಲಿಗೆ ಹೊರಗೆ ಒಣಗಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಒಂದನ್ನು ಉಗುರಿನಿಂದ ಒಡೆಯಿರಿ. ಒಳಗೆ ಹಸಿರು ಛಾಯೆ ಇದ್ದರೆ ಇನ್ನೂ ಕಳಿಯಬೇಕು. ಇಡಿಯಾಗಿ ಕುಂಡಕ್ಕೆ ಹಾಕಿದರೆ ತಿಂಗಳುಗಟ್ಟಲೆ ಹಾಗೇ ಕೂತಿರುತ್ತದೆ. ರಾತ್ರಿ ನೆನೆಸಿಟ್ಟು ಬೆಳಿಗ್ಗೆ ಹಿಸುಕಿ ಹಾಕುವುದು ಸರಿಯಾದ ಕ್ರಮ. ಕೋಳಿಗೊಬ್ಬರ ಇನ್ನೂ ಖಾರ, ಉಪ್ಪಿನಂಶವೂ ಇದೆ. ಕೊಳವೆಬಾವಿ ನೀರು ಸವಳಾಗಿರುವ ಮನೆಗಳಲ್ಲಿ ಅದನ್ನು ಬಿಟ್ಟೇಬಿಡುವುದು ಒಳ್ಳೆಯದು. ಅಲ್ಲಿ ಎಲೆಯ ಅಂಚು ಸುಟ್ಟಂತಾಗಿ ಒಣಗುತ್ತದೆ, ನೀರು ಕಡಿಮೆಯಾಯಿತೆಂದು ನಾವು ಮತ್ತೆ ಅದೇ ಸವಳು ನೀರು ಬಿಡುತ್ತೇವೆ.

ಅನುಮಾನ ಉಳಿದರೆ ಹೆಸರುಕಾಳನ್ನು ಕೇಳಿ. ಗೊಬ್ಬರ, ಮರಳು ಸಮ ಬೆರೆಸಿದ ಒಂದು ಲೋಟ, ಬರೀ ಮರಳಿನ ಇನ್ನೊಂದು ಲೋಟ, ಎರಡರಲ್ಲೂ ಹತ್ತತ್ತು ಕಾಳು. ಲೋಟದ ತಳಕ್ಕೆ ತೂತು ಇರಲಿ. ಐದು ದಿನದಲ್ಲಿ ಗೊಬ್ಬರದ ಲೋಟದಲ್ಲಿ ಮೊಳಕೆ ಕಡಿಮೆಯಾಗಿ, ಬೇರಿನ ತುದಿ ಕಂದಿದ್ದರೆ ಮಾಲು ಹಸಿಯದು, ಇಲ್ಲವೇ ಉಪ್ಪಿನದು. ಹಸಿಯದ್ದನ್ನು ವಾಪಸ್ ಕಳಿಸಬೇಕಿಲ್ಲ. ನೆರಳಲ್ಲಿ ಗುಡ್ಡೆ ಹಾಕಿ, ನೀರು ಚಿಮುಕಿಸಿ, ಗೋಣಿತಾಟು ಹೊದಿಸಿ, ಹದಿನೈದು ದಿನಕ್ಕೊಮ್ಮೆ ತಿರುವಿದರೆ ಎರಡು ಮೂರು ತಿಂಗಳಲ್ಲಿ ಹದಕ್ಕೆ ಬರುತ್ತದೆ. ನಮ್ಮ ಏಪ್ರಿಲ್ ಬಿಸಿಲಿಗೆ ಬಯಲಲ್ಲಿ ಬಿಟ್ಟರೆ ಸಾರವೆಲ್ಲ ಗಾಳಿಗೆ ಹೋಗಿ ಬರೀ ಹುಡಿ ಉಳಿಯುತ್ತದೆ.

ಹತ್ತಡಿ ಉದ್ದ, ಹತ್ತಡಿ ಅಗಲದ ಮಡಿಗೆ ಕಳಿತ ತಿಪ್ಪೆಗೊಬ್ಬರ 20ರಿಂದ 25 ಕೆ.ಜಿ. ಸಾಕು. ಕುರಿಯದಾದರೆ 10, ಕೋಳಿಯದಾದರೆ 4. ಕುಂಡಕ್ಕೆ ಮಸಾರಿ ಮಣ್ಣು ಎರಡು ಪಾಲು, ಗೊಬ್ಬರ ಒಂದು ಪಾಲು. ಎರೆಮಣ್ಣಾದರೆ ಮಣ್ಣು, ಮರಳು, ಗೊಬ್ಬರ ಸಮಪಾಲು. ಕೊಳ್ಳುವುದಾದರೆ ಯುಗಾದಿ ಆದ ಕೂಡಲೇ ಹುಡುಕಬೇಕು. ರೋಹಿಣಿ ಮಳೆ ಹತ್ತಿರ ಬಂತೆಂದರೆ ರೈತರು ತಿಪ್ಪೆಯನ್ನು ಹೊಲಕ್ಕೆ ಹೊಡೆದುಬಿಡುತ್ತಾರೆ, ಹಿತ್ತಲಿನವರಿಗೆ ಉಳಿಯುವುದು ಉಳಿಕೆ ಪಳಿಕೆ.

ಗೊಬ್ಬರದಲ್ಲಿ ಬಿಳಿ ಹುಳು ಕಂಡರೆ ಕಿರುಚುವ ಮುನ್ನ ಒಂದನ್ನು ನೆಲಕ್ಕೆ ಬಿಟ್ಟು ನೋಡಿ. ಬೆನ್ನ ಮೇಲೆ ಮಲಗಿ ತೆವಳಿದರೆ ಅದು ಕೊಳೆತದ್ದನ್ನು ತಿನ್ನುವ ಜಾತಿ, ಗೊಬ್ಬರಕ್ಕೆ ಒಳ್ಳೆಯದೇ. ಸುರುಳಿ ಸುತ್ತಿಕೊಂಡು ಬಿದ್ದರೆ ಬೇರು ಕಡಿಯುವ ಗೊಣ್ಣೆಹುಳು ಇರಬಹುದು, ಜರಡಿ ಹಿಡಿದು ಆರಿಸಿ ಕೋಳಿಗೆ ಹಾಕಬೇಕು. ಜರಡಿಯಲ್ಲಿ ಸಿಗದ ಒಂದು ಇದೆ, ಬಳ್ಳಾರಿ ಜಾಲಿಯ ಬೀಜ. ಕುರಿ, ಆಡು, ದನ ಆ ಕಾಯಿಯನ್ನು ಇಷ್ಟಪಟ್ಟು ತಿನ್ನುತ್ತವೆ. ಹೊಟ್ಟೆಯೊಳಗೆ ಅರಗದೆ ಉಳಿದ ಬೀಜ, ಸಿಪ್ಪೆ ಸಡಿಲಾಗಿ, ಇನ್ನೂ ಚುರುಕಾಗಿ ಮೊಳೆಯುತ್ತದೆ. ಗೊಬ್ಬರ ಹಾಕಿದ ಮಡಿಗೆ ಒಂದು ವಾರ ಬರೀ ನೀರು ಕೊಟ್ಟು, ಎದ್ದ ಸಸಿಗಳನ್ನು ಎರಡೆಲೆ ಇರುವಾಗಲೇ ಕಿತ್ತು, ಆಮೇಲೆ ಬದನೆ ನೆಡಿ. ತಡವಾದರೆ ತಾಯಿಬೇರು ಇಳಿದು, ಕೈಗೆ ಮುಳ್ಳು ಬರುತ್ತದೆ, ಗಿಡ ಬರುವುದಿಲ್ಲ.