ಗುರುತಿಲ್ಲದ ಕೌನ್ಸೆಲರ್‌ಗಾಗಿ ತಲಪಾಡಿ ದಾಟುವವರು

ಗಂಡ–ಹೆಂಡಿರ ಮಧ್ಯೆ ಮಾತು ನಿಂತರೆ ಕಾಸರಗೋಡಿನ ನಮ್ಮ ಮನೆಗಳಲ್ಲಿ ಮೊದಲು ಹಿರಿಯರು ಕೂರುತ್ತಾರೆ, ಆಮೇಲೆ ಜೋಯಿಸರಲ್ಲಿ ಪ್ರಶ್ನೆ ಇಡಿಸುತ್ತಾರೆ. ಎಳೆಯ ಜೋಡಿಗಳಾದರೋ ಕೌನ್ಸೆಲಿಂಗ್‌ಗೆ ತಯಾರು. ಅವರಿಗಿರುವುದು ನಾಚಿಕೆಯಲ್ಲ, ಗುರುತಿನವರು ಯಾರಾದರೂ ಕಂಡಾರೆಂಬ ಅಂಜಿಕೆ.

ಕೇರಳದ ಏರ್ಪಾಡು ಕಾಲಬುಡದಲ್ಲೇ ಇದೆ. ಪಂಚಾಯತಿನಲ್ಲಿ ಹೆಂಗಸರ ದೂರು ಕೇಳುವ ಜಾಗ್ರತಾ ಸಮಿತಿ, ಜಿಲ್ಲೆಯಲ್ಲಿ ಮಹಿಳಾ ಸಂಘಗಳ ಜಾಲವಾದ ಕುಟುಂಬಶ್ರೀಯ ‘ಸ್ನೇಹಿತಾ’ ಸಹಾಯ ಕೇಂದ್ರ, ಫೀಸೂ ಇಲ್ಲ. ಆದರೆ ಬದಿಯಡ್ಕ, ಪೆರ್ಲದಂಥ ಊರಲ್ಲಿ ಸಮಿತಿಯಲ್ಲಿ ಕೂತವರು ಅತ್ತೆಯ ಪರಿಚಯದವರೇ ಆಗಿರುತ್ತಾರೆ. ಹೆಂಗಸರ ಆಸರೆಗೆಂದು ಹುಟ್ಟಿದ ವ್ಯವಸ್ಥೆಗಳಾದ್ದರಿಂದ ಗಂಡ ಅಲ್ಲಿಗೆ ಕಾಲಿಡುವಾಗಲೇ ಆರೋಪಿಯ ಮುಖ ಹೊತ್ತಿರುತ್ತಾನೆ. ಹಾಗಾಗಿ ಜೋಡಿ ಗಡಿಯ ತಲಪಾಡಿ ದಾಟಿ ಕರ್ನಾಟಕದ ಮಂಗಳೂರಿಗೆ ಹೋಗುತ್ತದೆ. ಅಲ್ಲಿ ಫೀಸಿದೆ, ಗುರುತಿಲ್ಲ. ಕನ್ನಡವೋ ತುಳುವೋ ನಡೆಯುತ್ತದೆ.

ಭಾಷೆಯ ಮಾತು ಸಣ್ಣದಲ್ಲ. “ನೀವು ಯಾವಾಗಲೂ ಅಮ್ಮನ ಕಡೆಯೇ” ಎಂದು ಹೆಂಡತಿ ಅಂದಾಗ ಕೌನ್ಸೆಲರ್ ತಡೆದು, ಒಂದೇ ಒಂದು ಘಟನೆ ಹೇಳಿಸುತ್ತಾರೆ: “ನಿನ್ನೆ ಅಮ್ಮ ನಾನು ಮಾಡಿದ ಸಾರಿಗೆ ಹೆಸರಿಟ್ಟಾಗ ನೀವು ಸುಮ್ಮನಿದ್ದಿರಿ, ನನಗೆ ಬೇಜಾರಾಯಿತು.” ಗಂಡ ಉತ್ತರ ಕೊಡುವ ಮೊದಲು ಕೇಳಿಸಿಕೊಂಡದ್ದನ್ನು ತನ್ನ ಬಾಯಲ್ಲಿ ತಿರುಗಿ ಹೇಳಬೇಕು. ಮನೆಯಲ್ಲಿ ಹವ್ಯಕ ಕನ್ನಡದಲ್ಲೋ ತುಳುವಿನಲ್ಲೋ ಆಡಿದ ಜಗಳವನ್ನು ಮಲಯಾಳದಲ್ಲಿ ಹೀಗೆ ಬಿಡಿಸಲು ಹೊರಟರೆ ಮೊನಚು ಹೋಗಿ ವರದಿಯಷ್ಟೇ ಉಳಿಯುತ್ತದೆ.

ಮಂಗಳೂರಿನ ದಾರಿ ಕೆಡುವುದು ಬೇರೆ ಕಡೆ. ಹೋಗಿಬರಲು ಅರ್ಧ ದಿನ, ಕೂರುವುದು ಸುಮಾರು ಒಂದು ಗಂಟೆ. ಮೊದಲ ಸಲ ಇಬ್ಬರ ಕಥೆ ಕೇಳುವುದರಲ್ಲೇ ಮುಗಿಯುತ್ತದೆ. ಎಷ್ಟೋ ಕಡೆ ಆಮೇಲೆ ಒಬ್ಬೊಬ್ಬರನ್ನೇ ಕರೆದು ಮಾತಾಡಿಸುತ್ತಾರೆ. ನಿಜವಾದ ಕೆಲಸ ಶುರುವಾಗಬೇಕಾದ ಹೊತ್ತಿಗೆ “ಏನೂ ಪ್ರಯೋಜನವಿಲ್ಲ” ಎಂದು ಇವರು ನಿಲ್ಲಿಸಿರುತ್ತಾರೆ. ಮೊದಲೆರಡು ಸಲ ಮುಖಾಮುಖಿ, ಆಮೇಲೆ ವಿಡಿಯೋ ಕರೆ ಎಂದು ಮೊದಲೇ ಕೇಳಿಕೊಂಡರೆ ನಡೆದೀತು. ಒಟ್ಟು ಕುಟುಂಬದಲ್ಲಿ ಬಾಗಿಲು ಹಾಕಿ ಕೂರಲು ಕೋಣೆ ಸಿಕ್ಕರೆ, ಅಷ್ಟೆ!

ಎರಡೂ ಕಡೆ ಒಂದು ಕೊರತೆ: ‘ಕೌನ್ಸೆಲರ್’ ಎಂಬ ಬೋರ್ಡು ಯಾರು ಬೇಕಾದರೂ ತೂಗುಹಾಕುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಸಂಖ್ಯೆ ಕೇಳಿ. ಉಳಿದವರಲ್ಲಿ ಎಲ್ಲಿ ಓದಿದರು, ಜೋಡಿಗಳೊಂದಿಗೆ ಕೆಲಸ ಮಾಡಿದ್ದಾರೆಯೇ ಎಂದು ಕೇಳಿ. ಹೊಡೆತ–ಬೆದರಿಕೆ ಇರುವಲ್ಲಿ ಇಬ್ಬರನ್ನೂ ಎದುರುಬದುರು ಕೂರಿಸುವುದು ಸಲ್ಲ. ಅಲ್ಲಿ ಆಡಿದ ಮಾತಿಗೆ ಮನೆಯಲ್ಲಿ ಪೆಟ್ಟು ಬೀಳುತ್ತದೆ. ಅಂಥ ಹೆಣ್ಣುಮಕ್ಕಳಿಗೆ 181 ಮಹಿಳಾ ಸಹಾಯವಾಣಿ ಇದೆ, 2005ರ ಕೌಟುಂಬಿಕ ಹಿಂಸೆ ಕಾನೂನಿದೆ.

1984ರ ಕುಟುಂಬ ನ್ಯಾಯಾಲಯ ಕಾಯ್ದೆಯಂತೆ ಕೋರ್ಟೇ ರಾಜಿಗೆ ಯತ್ನಿಸುವುದುಂಟು. ವಕೀಲರ ನೋಟಿಸು ಹೋದ ಮೇಲಿನ ಆ ಮಾತುಕತೆಯನ್ನೇ ಕೌನ್ಸೆಲಿಂಗ್ ಎಂದುಕೊಂಡವರಿಗೆ ಅದು ವಿಚ್ಛೇದನದ ಮೆಟ್ಟಿಲಾಗಿ ಕಾಣುತ್ತದೆ.

ಒಬ್ಬರು ಬರಲೊಲ್ಲೆ ಎಂದರೆ ಇನ್ನೊಬ್ಬರೇ ಶುರುಮಾಡಬಹುದು. ಆದರೆ ಒಬ್ಬರನ್ನೇ ಹಲವು ಸಲ ಕಂಡ ಮೇಲೆ ಜೋಡಿಯನ್ನು ಒಪ್ಪದ ಕೌನ್ಸೆಲರ್‌ಗಳಿದ್ದಾರೆ. ತಡವಾಗಿ ಬಂದವರಿಗೆ ಅಲ್ಲಿ ಪಕ್ಷಪಾತದ ವಾಸನೆ ಬರುವುದು ಸಹಜವೇ. ಸಮಯ ಗೊತ್ತುಮಾಡುವ ಫೋನಿನಲ್ಲೇ ಇದನ್ನು ಕೇಳಿಬಿಡಿ.