ಬಚ್ಚಲೊಲೆಯ ಸಮಾಚಾರ

ಕೊಡಗಿನಲ್ಲಿ ದೂರಕ್ಕೆ ಬೇಸಿಗೆಯ ಅಳತೆಯೇ ಬೇರೆ, ಮಳೆಗಾಲದ ಅಳತೆಯೇ ಬೇರೆ. ಮಾರ್ಚ್ ತಿಂಗಳಲ್ಲಿ ಅಡುಗೆಮನೆಯ ಹಿಂಬಾಗಿಲಿನಿಂದ ಬಚ್ಚಲುಮನೆಗೆ ಇಪ್ಪತ್ತೇ ಹೆಜ್ಜೆ. ಜೋರು ಮಳೆಯ ಕಕ್ಕಡ ತಿಂಗಳು ಬಂತೆಂದರೆ ಅದೇ ಇಪ್ಪತ್ತು ಹೆಜ್ಜೆಗೆ ಕೊಡೆ ಬೇಕು, ಗಂಬೂಟು ಬೇಕು, ಪಾಚಿ ಹಿಡಿದ ಕಲ್ಲಿನ ಮೇಲೆ ಇಗ್ಗುತ್ತಪ್ಪನ ದಯೆ ಬೇಕು, ಬಂದ ಮೇಲೆ ಬೆರಳ ಸಂದಿಯಲ್ಲಿ ಜಿಗಣೆ ಹುಡುಕುವ ತಾಳ್ಮೆಯೂ ಬೇಕು. ಹಾಗಾಗಿಯೇ "ಅತ್ತೇ, ನೀರು ಕಾಯ್ತಾ?" ಎಂದು ಈ ಕಡೆಯಿಂದ ಕೂಗುವುದು, "ಇನ್ನೂ ಎಲ್ಲಿ ಬಂತು!" ಎಂದು ಆ ಕಡೆಯಿಂದ ಉತ್ತರ ಬರುವುದು ಹಳೆಯ ರೂಢಿ. ಆ ಕಡೆ ಯಾರೂ ಇಲ್ಲದಿದ್ದರೆ ಹೊಗೆ ನೋಡಿ ಅಂದಾಜು ಮಾಡಬೇಕು. ದಟ್ಟ ಬಿಳಿ ಹೊಗೆ ಬಂದರೆ ಸೌದೆ ಹಸಿ, ತೆಳುವಾದರೆ ಉರಿ ಚೆನ್ನಾಗಿದೆ. ಆದರೆ ಜುಲೈ ತಿಂಗಳ ಮಡಿಕೇರಿಯಲ್ಲಿ ಹೊಗೆ ಯಾವುದು, ಮಂಜು ಯಾವುದು ಎಂದು ಹೇಳಬಲ್ಲ ಕಣ್ಣು ಯಾರಿಗಿದೆ?

ಈ ಕೂಗಾಟವನ್ನು ತಪ್ಪಿಸುವ ಸಾಮಾನು ಈಗ ಅಂಚೆಯಲ್ಲೇ ಬರುತ್ತದೆ. ಹಂಡೆಯ ನೀರಿಗೆ ಡಿಎಸ್18ಬಿ20 ಎಂಬ ಸೆನ್ಸರ್ ಸಾಕು. ಬೆರಳಿನಷ್ಟು ಉದ್ದದ ಸ್ಟೀಲ್ ಟೊಪ್ಪಿ, ಹಿಂದೆ ಮೂರೆಳೆಯ ತಂತಿ. ಅಳತೆಯ ಮಿತಿ ಮೈನಸ್ 55ರಿಂದ 125 ಡಿಗ್ರಿ ಸೆಲ್ಸಿಯಸ್. ಮೈನಸ್ 10ರಿಂದ 85ರವರೆಗೆ ಅರ್ಧ ಡಿಗ್ರಿ ಆಚೀಚೆಯಷ್ಟೇ ತಪ್ಪು. ಮಾಹಿತಿಯ ಎಳೆಗೂ 3.3 ವೋಲ್ಟ್ ಎಳೆಗೂ ನಡುವೆ 4.7 ಕಿಲೋಓಮಿನ ಒಂದು ರೆಸಿಸ್ಟರ್ ಹಾಕಬೇಕು. ಇದನ್ನು ಮರೆತವರು ಸೆನ್ಸರನ್ನೇ ಬೈಯುತ್ತ ಎರಡು ದಿನ ಕಳೆಯುತ್ತಾರೆ. ಅಂಕಿಯನ್ನು ಓದಿ ತಂತಿಯಿಲ್ಲದೆ ಕಳಿಸಲು, ಪುಟ್ಟ ಕಂಪ್ಯೂಟರಿನಂಥ ಒಂದು ಇಎಸ್‌ಪಿ32 ಬೋರ್ಡು. ಅಡುಗೆಮನೆಯಲ್ಲಿ ಅಂಥದ್ದೇ ಇನ್ನೊಂದು, ಅದಕ್ಕೊಂದು ಪುಟ್ಟ ಪರದೆ, ಒಂದು ಬಜರ್. ಎರಡೂ ಬೋರ್ಡುಗಳು ಇಎಸ್‌ಪಿ-ನೌ ವಿಧಾನದಲ್ಲಿ ನೇರವಾಗಿ ಮಾತಾಡಿಕೊಳ್ಳಬಲ್ಲವು. ರೌಟರ್ ಬೇಡ, ಇಂಟರ್ನೆಟ್ ಬೇಡ. ಮರ ಬಿದ್ದು ಲೈನು ಹೋಗಿ ಮೂರು ದಿನವಾದರೂ ಬಾರದ ಊರಿನಲ್ಲಿ, ಪಕ್ಕದ ಬಚ್ಚಲಿನ ಸುದ್ದಿ ಯಾವುದೋ ದೇಶದ ಸರ್ವರಿಗೆ ಹೋಗಿ ಬರಬೇಕೆನ್ನುವುದು ಅತಿಯಾಯಿತು.

ಸೆನ್ಸರನ್ನು ಎಲ್ಲಿಡಬೇಕು ಎನ್ನುವುದರಲ್ಲೇ ಅರ್ಧ ಕೆಲಸವಿದೆ. ಹಂಡೆಯ ಒಳಗೋಡೆಗೆ ತಾಗಿಸಿದರೆ ಅದು ತಾಮ್ರದ ಬಿಸಿ ಹೇಳುತ್ತದೆ, ನೀರಿನದ್ದಲ್ಲ. ಉರಿ ಕುಣಿದಂತೆಲ್ಲ ಅಂಕಿಯೂ ಕುಣಿಯುತ್ತದೆ. ಬಾಯಿಗೆ ಅಡ್ಡಲಾಗಿ ಬಿದಿರಿನ ಕಡ್ಡಿಯಿಟ್ಟು, ಟೊಪ್ಪಿ ನಡುನೀರಿನಲ್ಲಿ ತೇಲುವಂತೆ ಇಳಿಬಿಟ್ಟರೆ ಸರಿ. ಹಂಡೆ ಅಡಿಯಿಂದ ಕಾಯುವುದರಿಂದ ಬಿಸಿನೀರು ಮೇಲಕ್ಕೂ ತಣ್ಣೀರು ಕೆಳಕ್ಕೂ ಸುತ್ತಿ ತಾನೇ ಕಲೆಯುತ್ತದೆ, ಹಾಗಾಗಿ ಒಂದೇ ಸೆನ್ಸರ್ ಸಾಕು. ತಂತಿಯನ್ನು ಮಾತ್ರ ಒಲೆಯ ಬಾಯಿಯ ಕಡೆಯಿಂದ ತರಬಾರದು. ಅದರ ಪ್ಲಾಸ್ಟಿಕ್ ಹೊದಿಕೆ ಉರಿಯ ನಾಲಿಗೆಗೆ ಒಮ್ಮೆ ಸಿಕ್ಕರೂ ಮುಗಿಯಿತು. ದಿನಾ ಕುದಿನೀರಿನಲ್ಲಿದ್ದರೆ ಟೊಪ್ಪಿಯ ಬಾಯಿಗೆ ತುಂಬಿದ ಅಂಟು ಸಡಿಲಿ ನೀರು ಒಳಗಿಳಿಯುತ್ತದೆ. ಆ ಸಂದಿಗೆ ಬಿಸಿ ತಡೆಯುವ ಸಿಲಿಕೋನ್ ಬಳಿದರೆ ಬಹಳ ದಿನ ಬಾಳುತ್ತದೆ.

ಈ ಸೆನ್ಸರ್ ಹೇಳುವ ಎರಡು ಸುಳ್ಳುಗಳನ್ನು ಮೊದಲೇ ತಿಳಿದಿರಬೇಕು. ಒಂದು 85. ವಿದ್ಯುತ್ ಬಂದೊಡನೆ, ಇನ್ನೂ ಏನನ್ನೂ ಅಳೆಯುವ ಮೊದಲು, ಅದರ ನೆನಪಿನಲ್ಲಿರುವ ಅಂಕಿ 85. ಒಲೆ ಹಚ್ಚೇ ಇರದ ಹಂಡೆ 85 ಎಂದರೆ ನಂಬಿ ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಡಬೇಡಿ. ಪೂರ್ಣ ನಿಖರತೆಯ ಒಂದು ಅಳತೆಗೆ ಮುಕ್ಕಾಲು ಸೆಕೆಂಡ್ ಬೇಕು, ಅಷ್ಟು ಕಾಯದೆ ಓದಿದರೂ ಹೀಗೇ. ಇನ್ನೊಂದು ಮೈನಸ್ 127. ತಂತಿ ಕಳಚಿದಾಗ ಸಾಮಾನ್ಯವಾಗಿ ಬಳಸುವ ಲೈಬ್ರರಿ, ಅಂದರೆ ಸೆನ್ಸರ್ ಓದಲು ಮೊದಲೇ ಬರೆದಿಟ್ಟ ಪ್ರೋಗ್ರಾಮು, ಕೊಡುವ ಅಂಕಿ ಇದು. ಎಷ್ಟೇ ಚಳಿಯಾದರೂ ಬ್ರಹ್ಮಗಿರಿಯ ಮೇಲೂ ಅಷ್ಟು ಚಳಿಯಿಲ್ಲ. ಇವೆರಡನ್ನೂ ಪ್ರೋಗ್ರಾಮಿನಲ್ಲೇ ತಡೆದು, ಅಂಕಿಯ ಬದಲು "ತಂತಿ ನೋಡಿ" ಎಂದು ಬರುವಂತೆ ಮಾಡುವುದು ಜಾಣತನ.

ಸರಿ ತೋರಿಸುತ್ತಿದೆಯೇ ಎಂದು ಪರೀಕ್ಷಿಸಲು ಹೊರಟವರು ಕೊಡಗಿನಲ್ಲಿ ಇನ್ನೊಂದು ಕಡೆ ಎಡವುತ್ತಾರೆ. ಶಾಲೆಯಲ್ಲಿ ಕಲಿತಂತೆ ಕುದಿನೀರು 100 ತೋರಿಸಬೇಕು, ತೋರಿಸುವುದು 96. ತಪ್ಪು ಸೆನ್ಸರಿನದ್ದಲ್ಲ, ಊರಿನದ್ದು. ಸುಮಾರು ಮುನ್ನೂರು ಮೀಟರ್ ಏರಿದಂತೆಲ್ಲ ನೀರು ಒಂದು ಡಿಗ್ರಿ ಮೊದಲೇ ಕುದಿಯುತ್ತದೆ, ಮಡಿಕೇರಿ ಇರುವುದು ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲೆ. ನಾಲ್ಕು ಡಿಗ್ರಿ ಕೂಡಿಸಿ "ಸರಿಪಡಿಸಿದ" ಸೆನ್ಸರ್ ಆಮೇಲೆ ಜೀವನವಿಡೀ ತಪ್ಪು ಹೇಳುತ್ತದೆ. ಪುಡಿಮಾಡಿದ ಐಸು ತುಂಬಿದ ಲೋಟಕ್ಕೆ ಸ್ವಲ್ಪ ನೀರು ಹಾಕಿ ಕಲಕಿ ಸೊನ್ನೆ ನೋಡುವುದೇ ಮೇಲು. ಸೊನ್ನೆಗೆ ಎತ್ತರದ ಹಂಗಿಲ್ಲ.

ಗುರಿಯಿಟ್ಟು ಗುಂಡಿ ಒತ್ತುವ ಇನ್‌ಫ್ರಾರೆಡ್ ಗನ್ ಇದ್ದರೆ ಇಷ್ಟೆಲ್ಲ ಯಾಕೆ ಎನ್ನುವವರಿದ್ದಾರೆ. ಮಸಿ ಹಿಡಿದ ಕಬ್ಬಿಣಕ್ಕೆ ಅದು ಒಳ್ಳೆಯದೇ. ಆದರೆ ಹುಣಸೆಹಣ್ಣು ಹಾಕಿ ತಿಕ್ಕಿದ ತಾಮ್ರದ ಹಂಡೆಗೆ ಹಿಡಿದರೆ, ಹೊಳೆಯುವ ತಾಮ್ರ ತನ್ನ ಬಿಸಿಯನ್ನು ಹೊರಸೂಸುವುದಕ್ಕಿಂತ ಎದುರಿನ ಬಿಸಿಯನ್ನು ಪ್ರತಿಫಲಿಸುವುದೇ ಹೆಚ್ಚು. ಗನ್ ತೋರಿಸುವುದು ಹೆಚ್ಚುಕಡಿಮೆ ಹಿಡಿದವರ ಮುಖದ ಬಿಸಿ.

ಇಷ್ಟೆಲ್ಲ ಜೋಡಿಸಿ ಪರದೆಯಲ್ಲಿ ಬರೀ "38" ಎಂದು ಕಂಡರೆ ಏನು ಲಾಭ? ಅದು ಏರುತ್ತಿರುವ 38ರಾ, ಉರಿ ಆರಿ ಇಳಿಯುತ್ತಿರುವ 38ರಾ? ನಿಜವಾದ ಸುದ್ದಿ ನಿಮಿಷಕ್ಕೆ ಎಷ್ಟು ಏರುತ್ತಿದೆ ಎನ್ನುವುದರಲ್ಲಿದೆ. ಐದು ನಿಮಿಷದ ಹಿಂದಿನ ಅಂಕಿಯನ್ನು ಈಗಿನದರಿಂದ ಕಳೆದು ಐದರಿಂದ ಭಾಗಿಸಿದರೆ ಸಾಕು. ನಿಮಿಷಕ್ಕೆ 0.8 ಏರುತ್ತಿದ್ದರೆ 38ರಿಂದ 50ಕ್ಕೆ ಇನ್ನು ಹದಿನೈದು ನಿಮಿಷ. ಪರದೆಯಲ್ಲಿ ಅದನ್ನೇ ದೊಡ್ಡದಾಗಿ ತೋರಿಸಬೇಕು. ಅರವತ್ತು ಲೀಟರ್ ನೀರು ನಿಮಿಷಕ್ಕೆ ಒಂದು ಡಿಗ್ರಿ ಏರಿತೆಂದರೆ ನೀರಿಗೆ ಇಳಿಯುತ್ತಿರುವ ಶಕ್ತಿ ಸುಮಾರು 4.2 ಕಿಲೋವ್ಯಾಟ್, ಅಂದರೆ ಎರಡು ಕಿಲೋವ್ಯಾಟಿನ ಎರಡು ಗೀಸರ್ ಒಟ್ಟಿಗೆ ಹಾಕಿದಷ್ಟು. ಬಚ್ಚಲೊಲೆಯನ್ನು ಹಗುರವಾಗಿ ಮಾತಾಡುವವರು ಈ ಲೆಕ್ಕ ನೋಡಬೇಕು. ಅದರ ಹೊಟ್ಟೆಬಾಕತನದ ಲೆಕ್ಕವೂ ಉಂಟು. ಅರವತ್ತು ಲೀಟರನ್ನು 20ರಿಂದ 50 ಡಿಗ್ರಿಗೆ ತರಲು ಬೇಕಾದದ್ದು 7.5 ಮೆಗಾಜೂಲ್. ಒಣಗಿದ ಸೌದೆಯ ಕಿಲೋಗೆ ಸುಮಾರು 15 ಮೆಗಾಜೂಲ್ ಎಂದರೆ ಅರ್ಧ ಕಿಲೋ ಸಾಕಾಗಬೇಕಿತ್ತು. ಐದರಲ್ಲಿ ಒಂದು ಪಾಲು ಮಾತ್ರ ನೀರಿಗೆ ಸೇರಿ ಉಳಿದದ್ದು ಮಾಡು ದಾಟಿ ಹೋಗುವ ಒಲೆಯಾದರೆ ಎರಡೂವರೆ ಕಿಲೋ ಬೇಕು.

ಏರುವ ವೇಗ ಸೌದೆಯ ಜಾತಿಯನ್ನೂ ಹೇಳಿಬಿಡುತ್ತದೆ. ಕಿತ್ತುಹಾಕಿದ ಹಳೆಯ ಕಾಫಿ ಗಿಡದ ಬುಡ ನಿಧಾನವಾಗಿ ಹತ್ತಿ, ಗೆರೆ ಎಳೆದಂತೆ ಏರಿಸುತ್ತ ಹೋಗುತ್ತದೆ. ಹಾಲುವಾಣ ಭಗ್ಗೆಂದು ಹತ್ತಿ ಹತ್ತೇ ನಿಮಿಷದಲ್ಲಿ ಬೂದಿ, ಗೆರೆ ಮೆಟ್ಟಿಲಾಗುತ್ತದೆ. ನೆರಳು ತೆಗೆದಾಗ ಕಡಿದ ಸಿಲ್ವರ್ ಓಕ್ ಕೊಂಬೆಯನ್ನು ಹಸಿಯಾಗಿಯೇ ತುರುಕಿದರೆ ವೇಗ 0.2ರಲ್ಲಿ ಕೂತುಬಿಡುತ್ತದೆ. ಸೌದೆಯೊಳಗಿನ ಪ್ರತಿ ಕಿಲೋ ನೀರನ್ನು ಆವಿ ಮಾಡಲು 2.26 ಮೆಗಾಜೂಲ್ ಹೋಗುತ್ತದಲ್ಲ, ಆ ಉರಿ ಹಂಡೆಯ ನೀರಿಗಿಂತ ಮೊದಲು ಸೌದೆಯ ನೀರನ್ನು ಕಾಯಿಸುತ್ತಿರುತ್ತದೆ.

ಹೋಂಸ್ಟೇಗಳ ಬೈಠಕ್‌ಖಾನೆಯಲ್ಲಿ ಕಾಣುವ, ಗಾಜಿನ ಬಾಗಿಲಿನ ಕಬ್ಬಿಣದ ಒಲೆಯ ಕತೆ ಬೇರೆ. ಅಲ್ಲಿ ನೋಡಬೇಕಾದದ್ದು ಹೊಗೆ ಕೊಳವೆಯನ್ನು. ಬಿಸಿ 125 ದಾಟುವುದರಿಂದ ಕೆ ಮಾದರಿಯ ಥರ್ಮೋಕಪಲ್ ಬೇಕು: ಕ್ರೋಮೆಲ್, ಅಲ್ಯುಮೆಲ್ ಎಂಬ ಎರಡು ಲೋಹದ ಎಳೆಗಳು ತುದಿಯಲ್ಲಿ ಕೂಡಿ, ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್ ಹುಟ್ಟಿಸುತ್ತವೆ. ಇಷ್ಟು ಸಣ್ಣ ದನಿಯನ್ನು ಕೇಳಿಸಿಕೊಳ್ಳಲು ಮ್ಯಾಕ್ಸ್ 6675 ಅಥವಾ ಮ್ಯಾಕ್ಸ್ 31855 ಎಂಬ ಚಿಪ್. ಎರಡನೆಯದು ತಂತಿ ತುಂಡಾದರೂ ಹೇಳುತ್ತದೆ, ಎಳೆ ಕೊಳವೆಗೆ ತಾಗಿ ಅರ್ಥ್ ಆದರೂ ಹೇಳುತ್ತದೆ. ಹಾಗಾಗಿ ತುದಿ ಹೊರಕವಚಕ್ಕೆ ತಾಗದ ಬಗೆಯ ಥರ್ಮೋಕಪಲನ್ನೇ ಕೇಳಿ ತರಬೇಕು. ಮೊದಲನೆಯದಕ್ಕೆ ಒಂದು ಅಳತೆಗೆ 0.22 ಸೆಕೆಂಡಿನವರೆಗೂ ಬೇಕು. ಅದಕ್ಕಿಂತ ಅವಸರದಲ್ಲಿ ಕೇಳುತ್ತಲೇ ಇದ್ದರೆ ಪ್ರತಿ ಸಲವೂ ಮೊದಲಿನಿಂದ ಶುರುಮಾಡಿ, ಹಳೆಯ ಅಂಕಿಯನ್ನೇ ಒಪ್ಪಿಸುತ್ತಿರುತ್ತದೆ.

ಎಳೆಗಳನ್ನು ತಿರುಗಾಮುರುಗಾ ಹಾಕಿದರೆ ಒಲೆ ಉರಿದಂತೆಲ್ಲ ಅಂಕಿ ಇಳಿಯುತ್ತದೆ. ಬಣ್ಣ ನಂಬುವಂತಿಲ್ಲ: ಅಮೆರಿಕದ ಪದ್ಧತಿಯಲ್ಲಿ ಕೆಂಪು ಋಣ, ಅಂಗಡಿಯಲ್ಲಿ ಸಿಗುವ ಅಗ್ಗದ ಎಷ್ಟೋ ತಂತಿಗಳಲ್ಲಿ ಕೆಂಪೇ ಧನ. ಆಯಸ್ಕಾಂತ ಹಿಡಿಯಿರಿ, ಅಂಟುವ ಎಳೆ ಅಲ್ಯುಮೆಲ್, ಅದು ಋಣ. ತಂತಿ ಸಾಲದೆ ಮನೆಯ ವೈರಿಂಗಿನ ತಾಮ್ರದ ತುಂಡು ಸೇರಿಸುವುದು ಇನ್ನೊಂದು ತಪ್ಪು. ಚಿಪ್ ತಾನಿರುವ ಜಾಗದ ಬಿಸಿಯನ್ನು ಕೂಡಿಸಿ ಲೆಕ್ಕ ಹಾಕುತ್ತದೆ. ತಾಮ್ರ ಸೇರಿದ ಗಂಟು ಒಲೆಯ ಹತ್ತಿರ 70 ಡಿಗ್ರಿಯಲ್ಲಿದ್ದು ಚಿಪ್ 25ರಲ್ಲಿದ್ದರೆ, ಆ 45 ಡಿಗ್ರಿ ಲೆಕ್ಕದಿಂದಲೇ ಮಾಯ. ಕೆ ಮಾದರಿಯ ತಂತಿಯನ್ನೇ ಉದ್ದಕ್ಕೆ ತರಬೇಕು, ಬೆಸುಗೆ ಹಾಕದೆ ಸ್ಕ್ರೂ ಟರ್ಮಿನಲ್ಲಿಗೆ ಬಿಗಿಯಬೇಕು.

ಒಲೆಯ ನೆತ್ತಿಯಿಂದ ಸುಮಾರು 45 ಸೆಂ.ಮೀ. ಮೇಲೆ ಕೊಳವೆಗೆ ತೂತು ಕೊರೆದು, ಸ್ಟೀಲ್ ಕವಚದ ಸೆನ್ಸರಿನ ತುದಿ ಹೊಗೆಯ ನಡುವೆ ನಿಲ್ಲುವಂತೆ ಕೂರಿಸಬೇಕು. ಗಾಜಿನ ನೂಲು ಸುತ್ತಿದ ಅಗ್ಗದ ಬಗೆಯನ್ನು ಕೊಳವೆಯ ಹೊರಮೈಗೆ ಕ್ಲಿಪ್ಪು ಹಾಕಿ ಬಿಗಿಯಬಹುದು, ಒಳಕ್ಕೆ ತೂರಿಸಬಾರದು. ಒಂದೇ ಪದರದ ಕೊಳವೆಯ ಹೊರಮೈ 110ರಿಂದ 245 ಡಿಗ್ರಿಯೊಳಗಿದ್ದರೆ ಒಲೆ ಹದದಲ್ಲಿದೆ. ಒಳಗಿನ ಹೊಗೆ ಹೆಚ್ಚುಕಡಿಮೆ ಅದರ ಇಮ್ಮಡಿ ಬಿಸಿ. ರಾತ್ರಿಯಿಡೀ ಉಳಿಯಲೆಂದು ಗಾಳಿಕಿಂಡಿ ಪೂರಾ ಮುಚ್ಚಿ ಹಸಿ ಸೌದೆ ತುಂಬಿದರೆ ಬಿಸಿ ಕೆಳಗಿಳಿದು, ಹೊಗೆಯ ಸತ್ವವೆಲ್ಲ ಕೊಳವೆಯೊಳಗೆ ಡಾಂಬರಿನಂಥ ಕಿಟ್ಟವಾಗಿ ಕೂರುತ್ತದೆ. ಮುಂದೊಂದು ದಿನ ಉರಿ ಜೋರಾದಾಗ ಆ ಕಿಟ್ಟಕ್ಕೇ ಬೆಂಕಿ ಹತ್ತುತ್ತದೆ. ಆದ್ದರಿಂದ ಅಲಾರಂ ಎರಡಿರಬೇಕು. ಒಂದು ಬಿಸಿ ಹೆಚ್ಚಾದದ್ದಕ್ಕೆ, ಇನ್ನೊಂದು ಬಹಳ ಹೊತ್ತು ಕಡಿಮೆಯಿದ್ದದ್ದಕ್ಕೆ. ಎಲ್ಲರೂ ಮೊದಲನೆಯದನ್ನು ಹಾಕುತ್ತಾರೆ, ಎರಡನೆಯದನ್ನು ಮರೆಯುತ್ತಾರೆ. ನಿಮಿಷದೊಳಗೆ ಐವತ್ತು ಡಿಗ್ರಿ ಏರಿ ಕೊಳವೆ ಮೊರೆಯತೊಡಗಿದರೆ ಗಾಳಿಕಿಂಡಿ ಮುಚ್ಚಿ, ಮನೆಮಂದಿಯನ್ನು ಹೊರಗೆ ಕಳಿಸಿ ಅಗ್ನಿಶಾಮಕದವರನ್ನು ಕರೆಯಬೇಕು. ಕಾದ ಕೊಳವೆಗೆ ನೀರೆರಚಬಾರದು. ಮುಚ್ಚಿದ ಕೋಣೆಯ ಇಂಗಾಲದ ಮಾನಾಕ್ಸೈಡ್ ವಿಷಯದಲ್ಲಿ ಉಷ್ಣಾಂಶದ ಸೆನ್ಸರ್ ಮೂಕ. ಅತಿಥಿಗಳು ಮಲಗುವಲ್ಲಿ ಅದಕ್ಕೆಂದೇ ಇರುವ ಅಲಾರಂ ಬೇರೆ ತೂಗಬೇಕು. ಇನ್ನು ಗಾಳಿಕಿಂಡಿಯನ್ನೂ ಮೋಟಾರಿನಿಂದ ತಿರುಗಿಸೋಣ ಎಂಬ ಆಸೆ ಎಲ್ಲರಿಗೂ ಹುಟ್ಟುತ್ತದೆ. ಕರೆಂಟು ಹೋದಾಗ ಕಿಂಡಿ ಎಲ್ಲಿ ನಿಲ್ಲುತ್ತದೆ ಎಂದು ಯೋಚಿಸಿದರೆ ಆಸೆ ತಾನೇ ಇಳಿಯುತ್ತದೆ.

ಕರೆಂಟಿಗೆ ಪವರ್ ಬ್ಯಾಂಕ್ ಸಾಕು. 10,000 ಎಂದು ಬರೆದದ್ದರಿಂದ 5 ವೋಲ್ಟಿನಲ್ಲಿ ಸಿಗುವುದು ಆರು ಸಾವಿರ ಚಿಲ್ಲರೆ ಮಿಲಿಆಂಪ್-ಗಂಟೆ. ಬೋರ್ಡು ಸರಾಸರಿ 80 ಮಿಲಿಆಂಪ್ ಎಳೆದರೆ ಮೂರು ದಿನ. ಮಿತವ್ಯಯಕ್ಕೆಂದು ಬೋರ್ಡನ್ನು ನಿದ್ದೆಗೆ ಕಳಿಸಿದರೆ, ಯಾರೂ ಇಲ್ಲವೆಂದುಕೊಂಡು ಪವರ್ ಬ್ಯಾಂಕೇ ಆರಿಹೋಗುವುದುಂಟು. ಪೆಟ್ಟಿಗೆಗೆ ತಂತಿ ಕೆಳಗಿನಿಂದ ಒಳಹೋಗಬೇಕು, ಅದಕ್ಕೂ ಮೊದಲು ಒಂದು ಬಳಕು ಕೊಟ್ಟರೆ ಮಳೆಹನಿ ಅಲ್ಲೇ ತೊಟ್ಟಿಕ್ಕುತ್ತದೆ. ಕಕ್ಕಡದ ತೇವಕ್ಕೆ ಬೋರ್ಡಿನ ಕಾಲುಗಳು ಹಸಿರುಗಟ್ಟುತ್ತವೆ. ಬೆಸುಗೆಯ ಮೇಲೆ ಬಣ್ಣವಿಲ್ಲದ ನೈಲ್ ಪಾಲಿಶ್ ಬಳಿದರೂ ತಕ್ಕಮಟ್ಟಿಗೆ ತಡೆಯುತ್ತದೆ. ಬೆಚ್ಚಗಿನ ಪೆಟ್ಟಿಗೆಯಲ್ಲಿ ಇರುವೆ ಮೊಟ್ಟೆಯಿಡುವುದಕ್ಕೆ ಮದ್ದು, ತೂತುಗಳನ್ನು ಮುಚ್ಚುವುದೊಂದೇ.

ತೋಟದ ಆಚೆ ತುದಿಯ, ಏಲಕ್ಕಿ ಒಣಗಿಸುವ ಗೂಡಿಗೆ ಈ ವೈಫೈ ಬಗೆಯ ಬೋರ್ಡು ಮುಟ್ಟುವುದಿಲ್ಲ. ಒದ್ದೆ ಎಲೆಯ ಮರಸಾಲು, ನಡುವೆ ಒಂದು ಏರು, ಮೇಲೆ ತಗಡಿನ ಮಾಡು. ಅಲ್ಲಿಗೆ ದೂರ ಮುಟ್ಟುವ ಲೋರಾ ಎಂಬ ರೇಡಿಯೋ ಬೇಕು. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದದ್ದು 865ರಿಂದ 868 ಮೆಗಾಹರ್ಟ್ಸ್. 915ರ ಮಾಡ್ಯೂಲ್ ಅಮೆರಿಕದವರಿಗೆ. ಆಂಟೆನಾಗೆ 8.6 ಸೆಂ.ಮೀ. ಉದ್ದದ ನೆಟ್ಟಗಿನ ತಂತಿಯಾದರೂ ನಡೆಯುತ್ತದೆ, ಆದರೆ ಆಂಟೆನಾ ಇಲ್ಲದೆ ರೇಡಿಯೋ ಚಾಲೂ ಮಾಡಿದರೆ ಚಿಪ್ ಸುಡಬಹುದು. ಗೂಡಿನೊಳಗೆ ಮತ್ತೆ ಅದೇ ಡಿಎಸ್18ಬಿ20. ಪ್ರತಿಯೊಂದಕ್ಕೂ ಹುಟ್ಟುತ್ತಲೇ ಬಂದ 64 ಬಿಟ್ಟಿನ ಹೆಸರಿರುವುದರಿಂದ ನಾಲ್ಕೈದನ್ನು ಒಂದೇ ತಂತಿಗೆ ಪೋಣಿಸಬಹುದು: ಬಿಸಿ ಕೊಳವೆಯ ಹತ್ತಿರ ಒಂದು, ಕೆಳತಟ್ಟೆಗೆ ಒಂದು, ಮೇಲ್ತಟ್ಟೆಗೆ ಒಂದು. ಯಾವ ಹೆಸರು ಯಾವ ತಟ್ಟೆಯದ್ದೆಂದು ತಂತಿಗೆ ಚೀಟಿ ಕಟ್ಟದಿದ್ದರೆ ಆಮೇಲೆ ಒಂದೊಂದನ್ನೇ ಅಂಗೈಯಲ್ಲಿ ಹಿಡಿದು ಗುರುತಿಸುವ ಪಾಡು.

ಏಲಕ್ಕಿಗೆ 45ರಿಂದ 55 ಡಿಗ್ರಿಯ ಹದ ಬೇಕು. ಮೇಲೇರಿದರೆ ಕಾಯಿ ಹಸಿರು ಕಳೆದುಕೊಂಡು ಬಿರಿಯುತ್ತದೆ, ಘಮವೂ ಹೋಗುತ್ತದೆ. ಕೆಳಗಿಳಿದರೆ ತೇವ ಹೊರಹೋಗದೆ ಮುಗ್ಗಲು. ಒಂದು ಗೂಡು ಒಣಗಲು ಒಂದು ಹಗಲು, ಒಂದು ರಾತ್ರಿ ಹಿಡಿಯುವುದರಿಂದ ಯಾರಾದರೂ ಎದ್ದೆದ್ದು ಹೋಗಿ ಸೌದೆ ನೂಕುತ್ತಲೇ ಇರಬೇಕಿತ್ತು. ಈಗಲೂ ಸೌದೆ ನೂಕಲು ಮನುಷ್ಯನೇ ಬೇಕು. ಮೇಲ್ತಟ್ಟೆ 46ಕ್ಕೆ ಇಳಿದು ಇನ್ನೂ ಇಳಿಯುತ್ತಿದ್ದರೆ ತಲೆದಿಂಬಿನ ಬಳಿಯ ಬಜರ್ ಕೂಗುತ್ತದೆ, ಕೊಡೆ, ಟಾರ್ಚು ಹುಡುಕಲೇಬೇಕು. ನಡುರಾತ್ರಿ ಎಚ್ಚರವಾಗಿ ನೋಡಿದಾಗ ಪರದೆಯಲ್ಲಿ 50 ಇದ್ದು, ಏರಿಕೆ ಇಳಿಕೆ ಎರಡೂ ಸೊನ್ನೆಯೆಂದಿದ್ದರೆ ಕಂಬಳಿ ಎಳೆದುಕೊಂಡು ಮಗ್ಗುಲು ಬದಲಿಸಬಹುದು.